ಕಪ್ಪಿನ ಅಂಚಿನ ಚಿನ್ನ

ದಸರಾ ಮುಗಿದ ಮರುವಾರ ನನ್ನ ಕೆಲಸದ ಮೇಜಿನ ಮೇಲೆ ಜಾಗವೇ ಇರುವುದಿಲ್ಲ. ಬೊಂಬೆ ನೋಡಲು ಬಂದವರಿಗೆಂದು ಮೈಸೂರಿನ ಮನೆಗಳಲ್ಲಿ ಬೀರುವಿನಿಂದ ಹಳೇ ಟೀ ಸೆಟ್ ಇಳಿಸಿರುತ್ತಾರೆ. ಹಬ್ಬ ಮುಗಿಯುವ ಹೊತ್ತಿಗೆ ಒಂದೋ ಹಿಡಿ ಮುರಿದಿರುತ್ತದೆ, ಇಲ್ಲಾ ಅಂಚಿನ ಚಿನ್ನ ಹೋಗಿರುತ್ತದೆ. ಹಿಡಿ ಅಂಟಿಸಬಹುದು. ಚಿನ್ನದ್ದೇ ತಲೆನೋವು.

ಈ ಸಲ ಸರಸ್ವತೀಪುರಂನ ಅಜ್ಜಿಯೊಬ್ಬರು ಆರು ಬೋನ್ ಚೈನಾ ಕಪ್ ತಂದಿದ್ದರು. (ಹೆಸರೇ ಹೇಳುವಂತೆ ಅದರಲ್ಲಿ ಮೂಳೆಯ ಬೂದಿ ಇದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಅದು ಅಡುಗೆಮನೆಯ ಹೊಸಿಲು ದಾಟಿಲ್ಲ.) ಐದರ ಅಂಚು ಬೋಳು. ಆರನೆಯದು ಮಾತ್ರ ನಿನ್ನೆ ಕೊಂಡಂತೆ ಹೊಳೆಯುತ್ತಿತ್ತು. "ಅದರ ಹಿಡಿ ಮುರಿದು ಮೂವತ್ತು ವರ್ಷ ಆಯ್ತಪ್ಪ, ಎತ್ತಿಟ್ಟುಬಿಟ್ಟಿದ್ದೆ" ಅಂದರು.

ಬೋಳು ಕಪ್ಪೊಂದನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿ ಕೊಟ್ಟೆ. ಅಂಚಿನ ಸುತ್ತ ಕೂದಲೆಳೆಯಂಥ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ತೆಂಗಿನ ನಾರಿನಲ್ಲಿ ತಿರುಗಿಸಿ ತಿರುಗಿಸಿ ಉಜ್ಜಿದ ಗುರುತು ಅದು.

ಚಿನ್ನ ಇಷ್ಟು ಸುಲಭಕ್ಕೆ ಹೋಗುತ್ತದಾ? ಹೋಗುತ್ತದೆ. ಕಪ್ಪಿಗೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಾಕಿ ಸಾವಿರ ಡಿಗ್ರಿಗೂ ಜಾಸ್ತಿ ಶಾಖದಲ್ಲಿ ಸುಟ್ಟ ಮೇಲೆ, ಕೊನೆಯಲ್ಲಿ ಚಿನ್ನ ಬಳಿದು 700-800 ಡಿಗ್ರಿಯಲ್ಲಿ ಇನ್ನೊಮ್ಮೆ ಸುಡುತ್ತಾರೆ. ಆ ಶಾಖಕ್ಕೆ ಗ್ಲೇಜ್ ತುಸು ಮೆತ್ತಗಾಗಿ ಚಿನ್ನವನ್ನು ಕಚ್ಚಿಕೊಳ್ಳುತ್ತದೆ, ಅಷ್ಟೇ. ಚಿನ್ನ ಮೇಲೆಯೇ ಉಳಿಯುತ್ತದೆ. ನಮ್ಮ ಮೈಸೂರು ಚಿತ್ರಗಳಲ್ಲೂ ಚಿನ್ನದ ರೇಕು ಮೇಲೆಯೇ ಇರುತ್ತದೆ. ಆದರೆ ಅದನ್ನು ಗಾಜಿನೊಳಗೆ ಇಡುತ್ತೇವೆ, ದಿನಾ ತೊಳೆಯುವುದಿಲ್ಲ ಅಲ್ವಾ?

ಹಿಂದೆ ಚಿನ್ನದ ಪುಡಿಯನ್ನು ದಪ್ಪಗೆ ಬಳಿಯುತ್ತಿದ್ದರು. ಸುಟ್ಟಾಗ ಮಂಕಾಗಿ ಬರುತ್ತಿದ್ದ ಅದನ್ನು ಅಗೇಟ್ ಕಲ್ಲಿನಿಂದ ಉಜ್ಜಿ ಹೊಳಪು ತರಿಸಬೇಕಿತ್ತು. 1830ರ ಸುಮಾರಿಗೆ ಜರ್ಮನಿಯ ಮೈಸೆನ್ ಕಾರ್ಖಾನೆಯಲ್ಲಿ ಹೈನ್ರಿಖ್ ಕ್ಯೂನ್ ದ್ರವ ಚಿನ್ನ ತಯಾರಿಸಿದ. ನೋಡಲು ಕಂದು ಎಣ್ಣೆ. ಕುಲುಮೆಯಿಂದ ಹೊಳೆಯುತ್ತಲೇ ಹೊರಬರುತ್ತದೆ. ಖರ್ಚು ಇಳಿಯಿತು, ಪದರವೂ ತೆಳುವಾಯಿತು: ಒಂದು ಮೈಕ್ರಾನ್‌ಗಿಂತ ಕಡಿಮೆ. ಮನೆಗಳಲ್ಲಿರುವ ಸೆಟ್‌ಗಳಲ್ಲಿ ಬಹುಪಾಲು ಇದೇ.

ಹಾಗಾಗಿ ಪಾತ್ರೆ ಪುಡಿ, ನಾರು, ಸ್ಟೀಲ್ ಸ್ಕ್ರಬ್ಬರ್ ಹತ್ತಿರಕ್ಕೂ ತರಬೇಡಿ. ದೇವರ ಪಾತ್ರೆ ತಿಕ್ಕಿದ ಕೈಯಲ್ಲೇ ಹುಣಸೆಹಣ್ಣು ಹಚ್ಚುವವರೂ ಇದ್ದಾರೆ. ಹುಳಿ ಹಿತ್ತಾಳೆಯ ಕಿಲುಬನ್ನು ಕರಗಿಸುತ್ತದೆ, ಅದಕ್ಕೇ ಹಿತ್ತಾಳೆ ಹೊಳೆಯುತ್ತದೆ. ಚಿನ್ನಕ್ಕೆ ಕಿಲುಬೇ ಹಿಡಿಯುವುದಿಲ್ಲ. ಸುಮ್ನೆ ಯಾಕೆ ತಿಕ್ಕಬೇಕು? ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಮೆತ್ತನೆ ಬಟ್ಟೆ ಸಾಕು. ಉಂಗುರ ಬಿಚ್ಚಿಡಿ. ಬೋರ್‌ವೆಲ್ ನೀರಾದರೆ ತಕ್ಷಣ ಒರೆಸಿ, ಬಿಳಿ ಕಲೆ ಕೂತರೆ ಮತ್ತೆ ಉಜ್ಜುವ ಆಸೆ ಬರುತ್ತದೆ. ಕಾಫಿ ಕಲೆಗೆ ಅಡುಗೆ ಸೋಡಾ ಆಗುತ್ತದೆ, ಆದರೆ ಒಳಗೆ ಮಾತ್ರ, ಬೆರಳಿನಲ್ಲಿ, ಅಂಚಿಗೆ ತಾಗದಂತೆ. ಡಿಶ್‌ವಾಷರ್ ಬೇಡವೇ ಬೇಡ. ಮೈಕ್ರೋವೇವ್‌ನಲ್ಲಿಟ್ಟರೆ ಕಿಡಿ ಹಾರುತ್ತದೆ, ಚಿನ್ನ ಸುಟ್ಟು ಕಪ್ಪಾಗುತ್ತದೆ.

ಯಾರೂ ಗಮನಿಸದ ಇನ್ನೊಂದು ಶತ್ರು ತಟ್ಟೆಯ ಬುಡದಲ್ಲೇ ಇದೆ. ಸಾಸರನ್ನು ಬೋರಲು ಹಾಕಿ, ಅಡಿಯ ಬಳೆಯ ಮೇಲೆ ಬೆರಳಾಡಿಸಿ. ಎಷ್ಟೋ ಸಾಸರುಗಳಲ್ಲಿ ಅಲ್ಲಿ ಗ್ಲೇಜ್ ಇರುವುದಿಲ್ಲ, ಮರಳುಕಾಗದದಂತೆ ತರಿತರಿ. ಒಂದರ ಮೇಲೊಂದು ಪೇರಿಸಿದಾಗ ಕೆಳಗಿನ ತಟ್ಟೆಯ ಚಿನ್ನವನ್ನು ಅದು ಕೆರೆಯುತ್ತದೆ. ಹಳೇ ಪಂಚೆಯ ತುಂಡುಗಳನ್ನು ನಡುವೆ ಹಾಕಿ. ನ್ಯೂಸ್ ಪೇಪರ್ ಬೇಡ, ಮಸಿ ಹತ್ತುತ್ತದೆ.

"ಮತ್ತೆ ಚಿನ್ನ ಹಾಕಿಸಿಕೊಡ್ತೀಯಾ?" ಅಂದರು ಅಜ್ಜಿ. ಒಪ್ಪಲಿಲ್ಲ. ವರ್ಷಗಟ್ಟಲೆ ಬಳಸಿದ ಕಪ್ಪು ಒಳಗೊಳಗೇ ತೇವ ಹೀರಿಕೊಂಡಿರುತ್ತದೆ. ಮತ್ತೆ ಕುಲುಮೆಗಿಟ್ಟರೆ ಕಪ್ಪು ಚುಕ್ಕೆ ಏಳಬಹುದು, ಬಿರುಕೂ ಬಿಡಬಹುದು. ಅಂಗಡಿಯಲ್ಲಿ ಸಿಗುವ ಚಿನ್ನದ ಬಣ್ಣವಂತೂ ತುಟಿಗೆ ತಾಗುವ ಜಾಗಕ್ಕೆ ಹಚ್ಚುವಂಥದ್ದಲ್ಲ. ಬೋಳು ಅಂಚಿನಲ್ಲೂ ಕಾಫಿ ಕುಡಿಯಬಹುದು, ಕುಡಿಯಿರಿ ಅಂದೆ.

ಆರನೆಯದರ ಹಿಡಿ ಅಂಟಿಸಿಕೊಟ್ಟಿದ್ದೇನೆ. ಬಿಸಿಗೆ ಅಂಟು ಬಿಡುವುದರಿಂದ ಅದಕ್ಕೆ ಕಾಫಿ ಹಾಕುವಂತಿಲ್ಲ. ಅದು ಮತ್ತೆ ಬೀರು ಸೇರಿತು.