ಡಾಕ್ಸಿ ಹಾಕಿದ್ರೂ ಟಿಕ್ ಫೀವರ್ ಯಾಕೆ ಬಂತು?

ಹೋದ ತಿಂಗಳು ಅಮ್ಮ, ಮಗ ಇಬ್ಬರೂ ಸೇರಿ ಒಂದು ಲ್ಯಾಬ್ರಡಾರ್ ನಾಯಿಯನ್ನು ಎತ್ತಿಕೊಂಡು ಬಂದರು. "ಡಾಕ್ಟ್ರೇ, ಪ್ರತಿ ತಿಂಗಳು ಒಂದು ವಾರ ಡಾಕ್ಸಿ ಹಾಕ್ತಾನೇ ಇದ್ವಿ. ಆದ್ರೂ ಹೆಂಗೆ ಬಂತು?" ಡಾಕ್ಸಿ ಅಂದರೆ ಡಾಕ್ಸಿಸೈಕ್ಲಿನ್, ಒಂದು ಆಂಟಿಬಯೋಟಿಕ್. ತುಟಿ ಎತ್ತಿ ನೋಡಿದೆ. ಒಸಡು ಸುಣ್ಣದ ಹಾಗೆ ಬಿಳಿ. ಮೂತ್ರ ಡಿಕಾಕ್ಷನ್ ಬಣ್ಣ ಅಂದರು. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಂಪು ಕಣಗಳೊಳಗೆ ಪುಟ್ಟ ಪುಟ್ಟ ಉಂಗುರ. ಬೆಬೇಸಿಯಾ ಗಿಬ್ಸೋನಿ. 1910ರಲ್ಲಿ ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿ ಮೊದಲು ಗುರುತಿಸಿದ ಪರಾವಲಂಬಿ ಇದು.

ಎಲ್ಲವನ್ನೂ 'ಟಿಕ್ ಫೀವರ್' ಅಂದುಬಿಡುವುದರಿಂದಲೇ ಈ ಗೊಂದಲ. ಉಣ್ಣೆ (ಟಿಕ್, ನಾಯಿಯ ರಕ್ತ ಹೀರುವ ಹುಳ) ಹರಡುವ ಎರ್ಲಿಕಿಯಾ ಒಂದು ಬ್ಯಾಕ್ಟೀರಿಯಾ. ಅದಕ್ಕೆ ಡಾಕ್ಸಿಸೈಕ್ಲಿನ್ ಒಳ್ಳೆಯ ಔಷಧಿ, 28 ದಿನ ಕೊಡುತ್ತೇವೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನಾ ನಾಯಿಗಳು ಎರ್ಲಿಕಿಯಾದಿಂದ ನೂರಾರು ಸತ್ತಾಗ, ತಡೆಗೆಂದು ದಿನವೂ ಡಾಕ್ಸಿಯ ಗುಂಪಿನದೇ ಆದ ಟೆಟ್ರಾಸೈಕ್ಲಿನ್ ಕೊಟ್ಟಿದ್ದೂ ಉಂಟು. ಆದರೆ ಉಣ್ಣೆಯೇ ಹರಡುವ ಬೆಬೇಸಿಯಾ ಬ್ಯಾಕ್ಟೀರಿಯಾ ಅಲ್ಲ, ಮಲೇರಿಯಾ ರೋಗಾಣುವಿನ ದೂರದ ನೆಂಟ. ಬೆಬೇಸಿಯಾದ ಇನ್ನೊಂದು ಜಾತಿಯನ್ನು ಡಾಕ್ಸಿ ತಡೆದದ್ದು ಪ್ರಯೋಗಗಳಲ್ಲಿ ಕಂಡಿದೆ ನಿಜ, ಆದರೆ ದಿನವೂ, ಜಾಸ್ತಿ ಡೋಸ್ ಕೊಟ್ಟಾಗ. ತಿಂಗಳಿಗೊಂದು ವಾರ ಸುಮ್ನೆ ಹಾಕಿದರೆ ತಡೆಯೂ ಆಗಲ್ಲ, ಮೈಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಆ ಔಷಧಿಗೆ ಬಗ್ಗದ ಹಾಗೆ ಆಗುತ್ತವೆ. ದಯವಿಟ್ಟು ನಿಲ್ಲಿಸಿ.

ಗಿಬ್ಸೋನಿಗೆ ಅಟೊವಾಕ್ವೋನ್ ಜೊತೆ ಅಜಿತ್ರೋಮೈಸಿನ್, 10 ದಿನ. ದುಬಾರಿ ಔಷಧಿ. ಈ ನಾಯಿಗೆ ರಕ್ತವನ್ನೂ ಕೊಡಬೇಕಾಯಿತು.

ತಡೆಯಬೇಕಾದ್ದು ಉಣ್ಣೆಯನ್ನು. ಫ್ಲೂರಾಲನರ್ ಅಥವಾ ಅಫಾಕ್ಸೊಲನರ್ ಮಾತ್ರೆ ತಿಂದ ನಾಯಿಯನ್ನು ಕಚ್ಚಿದ ಉಣ್ಣೆ ಸಾಯುತ್ತದೆ. ಮೊದಲನೆಯದು ಸುಮಾರು ಮೂರು ತಿಂಗಳಿಗೊಮ್ಮೆ, ಎರಡನೆಯದು ತಿಂಗಳಿಗೊಮ್ಮೆ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ಡಾಕ್ಟರಿಗೆ ಹೇಳಿ. ಬೆಬೇಸಿಯಾ ದಾಟಲು ಸಾಮಾನ್ಯವಾಗಿ ಉಣ್ಣೆ ಒಂದೆರಡು ದಿನ ಕಚ್ಚಿಕೊಂಡೇ ಇರಬೇಕು. ಹಾಗಾಗಿ ದಿನಾ ಸಂಜೆ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಕೈಯಾಡಿಸಿ ನೋಡಿದರೂ ಎಷ್ಟೋ ಲಾಭ. ಸಿಕ್ಕರೆ ಚಿಮಟದಿಂದ ಚರ್ಮದ ಬುಡಕ್ಕೆ ಹಿಡಿದು ನೇರವಾಗಿ ಎಳೆಯಿರಿ. ಉಗುರಲ್ಲಿ ಕುಕ್ಕಬೇಡಿ, ಸೀಮೆಎಣ್ಣೆ ಹಚ್ಚಬೇಡಿ.

ಇನ್ನು ಮನೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ನಾಯಿಯ ಮೈಮೇಲೆ ಮೊಟ್ಟೆ ಇಡಲ್ಲ. ಕೆಳಗೆ ಬಿದ್ದು, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಇಡುತ್ತದೆ. "ಗೋಡೆ ನೋಡಿದ್ರಾ ಅಮ್ಮ?" ಅಂತ ಕೇಳಿದ್ದೆ. ಮಾರನೇ ದಿನ ಮಗ ಫೋನಿನಲ್ಲಿ ಫೋಟೋ ಕಳಿಸಿದ. ಹಾಲ್‌ನ ಕ್ಯಾಲೆಂಡರ್ ಎತ್ತಿದರೆ ಹಿಂದೆ ಸಾಲಾಗಿ ಕೂತಿದ್ದವು.