ಬೈದದ್ದು ಪಬ್‌ಜಿಯಲ್ಲಿ, ಸ್ಟ್ರೈಕ್ ಬಿದ್ದದ್ದು ಫೈರ್‌ವಾಚ್‌ಗೆ

2017ರ ಸೆಪ್ಟೆಂಬರ್ 10ರಂದು ಪ್ಯೂಡಿಪೈ ಎಂದೇ ಹೆಸರಾದ ಸ್ವೀಡನ್ನಿನ ಯೂಟ್ಯೂಬರ್ ಪಬ್‌ಜಿ ಆಡುತ್ತ ಲೈವ್‌ನಲ್ಲಿದ್ದರು. ಸಿಟ್ಟಿನ ಭರದಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದವೊಂದು ಅವರ ಬಾಯಿಂದ ಬಂತು. ಆಗ ಅವರ ಚಾನೆಲ್‌ಗೆ 5.7 ಕೋಟಿಯಷ್ಟು ಚಂದಾದಾರರಿದ್ದರು. ಅದೇ ದಿನ 'ಫೈರ್‌ವಾಚ್' ಆಟ ಮಾಡಿದ ಕ್ಯಾಂಪೊ ಸ್ಯಾಂಟೊ ಕಂಪನಿಯ ಸಹಸ್ಥಾಪಕ ಷಾನ್ ವನಮನ್, ಪ್ಯೂಡಿಪೈ ಚಾನೆಲ್‌ನಲ್ಲಿರುವ ತಮ್ಮ ಆಟದ ವಿಡಿಯೋ ತೆಗೆಸಲು ಡಿಎಂಸಿಎ ನೋಟಿಸ್ (ಹಕ್ಕುಸ್ವಾಮ್ಯದ ಉಲ್ಲಂಘನೆಯಾಗಿದೆ, ತೆಗೆಯಿರಿ ಎಂದು ಅಮೆರಿಕದ ಡಿಎಂಸಿಎ ಕಾನೂನಿನಡಿ ಕೊಡುವ ದೂರು) ಕೊಡುವುದಾಗಿ ಟ್ವಿಟರ್‌ನಲ್ಲಿ ಬರೆದರು. ಉಳಿದ ಡೆವಲಪರ್‌ಗಳೂ ಹಾಗೇ ಮಾಡಲಿ ಎಂದರು. ಫೈರ್‌ವಾಚ್ ಬಿಡುಗಡೆಯಾದದ್ದು 2016ರ ಫೆಬ್ರವರಿಯಲ್ಲಿ. ಆ ವಿಡಿಯೋ ಹಳೆಯದು, ಅದರಲ್ಲಿ ಆ ಬೈಗುಳ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಆದರೂ ಬರೆ ಬಿತ್ತು: ವಿಡಿಯೋ ಹೋಯಿತು, ಚಾನೆಲ್‌ಗೆ ಸ್ಟ್ರೈಕ್, ಅಂದರೆ ಯೂಟ್ಯೂಬ್ ಹಾಕುವ ತಪ್ಪಿನ ಗುರುತು, ಬಂತು.

ಬೈದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆ ತಪ್ಪಿಗೆ ಕಾಪಿರೈಟ್ ಕಾಯ್ದೆಯನ್ನು ಕೈಗೆತ್ತಿಕೊಳ್ಳಬಹುದೇ ಎಂಬುದು ಬೇರೆಯೇ ಪ್ರಶ್ನೆ. ಕೆಲಸ ಆಯಿತಲ್ಲ ಎನ್ನುವವರಿಗೆ, ಅದು ಹೇಗೆ ಆಯಿತು ಎಂಬುದನ್ನು ಮೊದಲು ತೋರಿಸಬೇಕು.

ಡಿಎಂಸಿಎ ಮೂಲಕ ಬಂದ, ಅಮೆರಿಕದ ಕಾಪಿರೈಟ್ ಕಾಯ್ದೆಯ 512ನೇ ಸೆಕ್ಷನ್ ಯೂಟ್ಯೂಬ್, ಟ್ವಿಚ್‌ನಂಥ ವೇದಿಕೆಗಳಿಗೆ ಒಂದು ರಕ್ಷಣೆ ಕೊಡುತ್ತದೆ. ಬಳಕೆದಾರ ಹಾಕಿದ ವಿಡಿಯೋದಿಂದ ಹಕ್ಕುಸ್ವಾಮ್ಯದ ಉಲ್ಲಂಘನೆಯಾದರೂ ನಷ್ಟ ಪರಿಹಾರ ವೇದಿಕೆಯ ತಲೆಗೆ ಬರುವುದಿಲ್ಲ. ಷರತ್ತು ಏನೆಂದರೆ, ಸರಿಯಾದ ನೋಟಿಸ್ ಬಂದ ಕೂಡಲೇ ತೆಗೆಯಬೇಕು. ಆ ನೋಟಿಸ್‌ನಲ್ಲಿ ಇರಬೇಕಾದದ್ದು ಆರು ಅಂಶ: ಸಹಿ, ಯಾವ ಕೃತಿ, ಯಾವ ವಿಡಿಯೋ (ಲಿಂಕ್ ಸಮೇತ), ಸಂಪರ್ಕ ವಿವರ, ಈ ಬಳಕೆಗೆ ಅನುಮತಿಯಿಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂಬ ಹೇಳಿಕೆ, ಮತ್ತು ಮಾಹಿತಿ ಸರಿಯಿದೆ, ಮಾಲೀಕರ ಪರವಾಗಿ ಬರೆಯುವ ಅಧಿಕಾರ ನನಗಿದೆ ಎಂಬ ಹೇಳಿಕೆ. ಕೊನೆಯದರಲ್ಲಿ ಅಧಿಕಾರದ ಬಗ್ಗೆ ಸುಳ್ಳು ಹೇಳಿದರೆ ಸುಳ್ಳು ಪ್ರಮಾಣದ ಅಪರಾಧ. 'ಏಕೆ ತೆಗೆಸುತ್ತಿದ್ದೀರಿ?' ಎಂಬ ಕಾಲಂ ಆ ಫಾರ್ಮಿನಲ್ಲಿ ಇಲ್ಲವೇ ಇಲ್ಲ. ಸಿಟ್ಟಿಗೋ, ಸೇಡಿಗೋ, ಸಿದ್ಧಾಂತಕ್ಕೋ, ವೇದಿಕೆ ಕೇಳುವುದಿಲ್ಲ. ಕೇಳಿ ತೀರ್ಪು ಕೊಡಲು ಹೋದರೆ ತನ್ನ ರಕ್ಷಣೆಯೇ ಅಲುಗಾಡುತ್ತದೆ ಎಂಬ ಭಯ ಅದಕ್ಕೆ. ಹಾಗಾಗಿ ವಿಡಿಯೋ ಇಳಿಯಿತು ಎಂದ ಮಾತ್ರಕ್ಕೆ ಕೇಳಿದವರ ವಾದ ಗೆದ್ದಿತು ಎಂದಲ್ಲ. ಅರ್ಜಿ ಪೂರ್ತಿ ತುಂಬಿತ್ತು ಎಂದಷ್ಟೇ ಅರ್ಥ.

ಫೈರ್‌ವಾಚ್ ವಿಷಯದಲ್ಲಿ ಐದನೆಯ ಅಂಶದಲ್ಲೇ ತೊಡಕಿತ್ತು. ಜನ ತಮ್ಮ ಆಟವನ್ನು ಸ್ಟ್ರೀಮ್ ಮಾಡುವುದು ಇಷ್ಟ, ಅದರಿಂದ ಹಣವನ್ನೂ ಮಾಡಿಕೊಳ್ಳಬಹುದು ಎಂದು ಕಂಪನಿಯೇ ತನ್ನ ವೆಬ್‌ಸೈಟಿನಲ್ಲಿ ಬರೆದುಕೊಂಡಿತ್ತು. ಇದು ಪರವಾನಗಿ. ಆದರೆ ಎಂಥ ಪರವಾನಗಿ? ಪ್ರತಿಯಾಗಿ ಏನನ್ನೂ ಪಡೆಯದೆ ಕೊಟ್ಟ ಅನುಮತಿಯನ್ನು ಕೊಟ್ಟವರು ಹಿಂದಕ್ಕೆ ಪಡೆಯಬಹುದು ಎಂಬುದು ಸಾಮಾನ್ಯ ನಿಯಮ. ಮುಂದಿನ ಆಟಗಳನ್ನು ನಮ್ಮ ಅನುಮತಿಯಿಲ್ಲದೆ ಆಡಿ ತೋರಿಸಬೇಡಿ ಎನ್ನಲು ಅಡ್ಡಿಯಿಲ್ಲ. ಹಿಂದೆ, ಅನುಮತಿ ಇದ್ದಾಗ, ಆ ಮಾತನ್ನು ನಂಬಿಯೇ ಮಾಡಿದ ವಿಡಿಯೋದ ಕಥೆಯೇನು? ಸ್ಟ್ರೀಮರ್ ಕಡೆಯ ವಕೀಲರು ಎಸ್ಟಾಪೆಲ್ ಎತ್ತುತ್ತಾರೆ: ನಿಮ್ಮ ಮಾತು ನಂಬಿ ಸಮಯ, ದುಡ್ಡು ಹಾಕಿದ್ದಾಯಿತು, ಈಗ ತಿರುಗಿ ಬೀಳುವಂತಿಲ್ಲ ಎಂದು. ಡೆವಲಪರ್ ಕಡೆಯವರು, ವಿಡಿಯೋ ಪ್ರತಿ ಸಲ ಪ್ಲೇ ಆದಾಗಲೂ ಅದು ಹೊಸ ಪ್ರದರ್ಶನ, ಅನುಮತಿ ಹಿಂಪಡೆದ ಮೇಲಿನ ಪ್ರದರ್ಶನಕ್ಕೆ ರಕ್ಷಣೆಯಿಲ್ಲ ಎನ್ನುತ್ತಾರೆ. ಎರಡೂ ವಾದಕ್ಕೆ ತೂಕವಿದೆ. ಈ ಪ್ರಕರಣ ಮಾತ್ರ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ.

ಇನ್ನು 'ದ್ವೇಷದ ಮಾತಾಡಿದರೆ ಪರವಾನಗಿ ಇಲ್ಲ' ಎಂದು ಮೊದಲೇ ಬರೆದಿಟ್ಟರೆ? ಹೆಚ್ಚಿನವರು ಎಡವುವುದು ಇಲ್ಲೇ. 2010ರಲ್ಲಿ ಬಾಟ್ ಮಾಡಿದ ಎಂಡಿವೈ ಮತ್ತು ಆಟದ ಕಂಪನಿ ಬ್ಲಿಝಾರ್ಡ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ 9ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಒಂದು ಗೆರೆ ಎಳೆಯಿತು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟವನ್ನು ತಾನಾಗಿ ಆಡುವ ಬಾಟ್ ಬಗ್ಗೆ ಬಂದ ಮೊಕದ್ದಮೆ ಅದು. ಪರವಾನಗಿಯ ಒಂದು ನಿಯಮ ಮುರಿದರೆಂದ ಮಾತ್ರಕ್ಕೆ ಕಾಪಿರೈಟ್ ಉಲ್ಲಂಘನೆ ಆಗುವುದಿಲ್ಲ. ಆ ನಿಯಮಕ್ಕೂ ನಕಲು, ವಿತರಣೆ, ಪ್ರದರ್ಶನದಂಥ ಮಾಲೀಕನ ವಿಶೇಷ ಹಕ್ಕುಗಳಿಗೂ ನಂಟಿರಬೇಕು ಎಂದಿತು. ನಂಟಿಲ್ಲದಿದ್ದರೆ ಅದು ಬರೀ ಕರಾರು ಭಂಗ, ಅದಕ್ಕೆ ಡಿಎಂಸಿಎ ನೋಟಿಸ್ ಮದ್ದಲ್ಲ. ಬೇರೊಂದು ಆಟದಲ್ಲಿ ಆಡಿದ ಬೈಗುಳಕ್ಕೂ ನನ್ನ ಆಟದ ಪ್ರದರ್ಶನ ಹಕ್ಕಿಗೂ ನಂಟು ತೋರಿಸುವುದು ಸುಲಭವಲ್ಲ.

ಆದ್ದರಿಂದ ಡೆವಲಪರ್‌ಗಳು ನಡತೆಯನ್ನು ನಿಷೇಧಿಸುವುದಕ್ಕಿಂತ ಪರವಾನಗಿ ಮುಗಿಯುವ ದಾರಿಯನ್ನು ಬರೆದಿಡುವುದು ಲೇಸು. ಹೆಚ್ಚುಕಡಿಮೆ ಹೀಗೆ: 'ಈ ಆಟದ ದೃಶ್ಯಗಳನ್ನು ವಿಡಿಯೋದಲ್ಲಿ ತೋರಿಸಲು, ಅದರಿಂದ ಜಾಹೀರಾತು ಆದಾಯ ಪಡೆಯಲು ಅನುಮತಿ ಇದೆ. ಈ ಅನುಮತಿಯನ್ನು ನಾವು ಇಮೇಲ್ ಮೂಲಕ ತಿಳಿಸಿ ಯಾವಾಗ ಬೇಕಾದರೂ ಹಿಂಪಡೆಯಬಹುದು. ಹಿಂಪಡೆದ 14 ದಿನಗಳೊಳಗೆ ಹಳೆಯ ವಿಡಿಯೋಗಳನ್ನೂ ತೆಗೆಯತಕ್ಕದ್ದು.' ಕೊನೆಯ ವಾಕ್ಯ ಬಹಳ ಮುಖ್ಯ, ಹಳೆಯ ವಿಡಿಯೋದ ಜಗಳ ಅರ್ಧದಷ್ಟು ಅಲ್ಲೇ ಮುಗಿಯುತ್ತದೆ. ದಿನಗಳ ಸಂಖ್ಯೆ ನಿಮ್ಮಿಷ್ಟ, ಆದರೆ ಸಂಖ್ಯೆ ಇರಲಿ. ಪುಟದ ಕೆಳಗೆ ದಿನಾಂಕ ಹಾಕಿ. ಬದಲಿಸಿದಾಗ ಹಳೆಯ ಆವೃತ್ತಿ ಉಳಿಸಿಕೊಳ್ಳಿ. ನಿಂಟೆಂಡೊ ತನ್ನ ಮಾರ್ಗಸೂಚಿಗೆ 2024ರಲ್ಲಿ ಅವಮಾನಕರ, ಅಶ್ಲೀಲ ಮಾತುಗಳಿರುವ ವಿಡಿಯೋಗಳಿಗೆ ಆಕ್ಷೇಪ ಎತ್ತುವ ಅಂಶವನ್ನು ಸೇರಿಸಿತು. ಅಲ್ಲೂ ಮಾತು ತನ್ನ ಆಟದ ವಿಡಿಯೋದ್ದೇ. ಪಕ್ಕದ ಮನೆಯ ಜಗಳ ಅದರೊಳಗೆ ಬಂದಿಲ್ಲ.

ಪರವಾನಗಿ ಹೋದರೂ ಸ್ಟ್ರೀಮರ್ ಬಳಿ ಫೇರ್ ಯೂಸ್, ಅಂದರೆ ಟೀಕೆ, ವಿಮರ್ಶೆಯಂಥದ್ದಕ್ಕೆ ಅನುಮತಿಯಿಲ್ಲದೆಯೂ ಬಳಸಲು ಕಾನೂನು ಕೊಡುವ ಅವಕಾಶ, ಉಳಿದಿರುತ್ತದೆ. ಪ್ಯೂಡಿಪೈ ಗಲಾಟೆಗೆ 18 ದಿನ ಮೊದಲಷ್ಟೇ, 2017ರ ಆಗಸ್ಟ್ 23ರಂದು, ಎಚ್3ಎಚ್3 ಚಾನೆಲ್‌ನ ದಂಪತಿಯ ಮೇಲಿನ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಮೂಲ ವಿಡಿಯೋವನ್ನು ತುಂಡುತುಂಡಾಗಿ ನಿಲ್ಲಿಸಿ ಟೀಕಿಸುವ ರಿಯಾಕ್ಷನ್ ವಿಡಿಯೋ ಫೇರ್ ಯೂಸ್ ಎಂದಿತ್ತು. ಜತೆಗೆ, ಹೆಚ್ಚೇನೂ ಟೀಕೆಯಿಲ್ಲದೆ ಒಟ್ಟಿಗೆ ಕೂತು ನೋಡಿದಂತಿರುವ ವಿಡಿಯೋಗಳಿಗೆ ಈ ಮಾತು ತಾನಾಗಿ ಅನ್ವಯಿಸದು ಎಂದೂ ಹೇಳಿತು. ಆಟಗಳಲ್ಲೂ ಇದೇ ವ್ಯತ್ಯಾಸ. ಪಬ್‌ಜಿಯಲ್ಲಿ ಪ್ರತಿ ಪಂದ್ಯವೂ ಬೇರೆ, ನೋಡಿದವನಿಗೆ ಆಡುವ ಆಸೆ ಇನ್ನೂ ಹೆಚ್ಚುತ್ತದೆ. ಫೈರ್‌ವಾಚ್ ಹಾಗಲ್ಲ. ವಯೋಮಿಂಗ್ ಕಾಡಿನ ಕಾವಲು ಗೋಪುರದಲ್ಲಿ ಒಬ್ಬಂಟಿ, ವಾಕಿಟಾಕಿಯಲ್ಲಿ ಒಂದು ದನಿ, ನಾಲ್ಕೈದು ಗಂಟೆಯ ಕಥೆ. ಕೊನೆಯವರೆಗೂ ನೋಡಿದವನು ಕೊಳ್ಳುವುದೇಕೆ? ಮಾರುಕಟ್ಟೆಗೆ ಪೆಟ್ಟು ಬೀಳುತ್ತದೆಯೇ ಎಂಬ, ಫೇರ್ ಯೂಸ್‌ನ ನಾಲ್ಕನೆಯ ಮಾನದಂಡದಲ್ಲಿ ಕಥಾಪ್ರಧಾನ ಆಟದ ಪೂರ್ತಿ ವಿಡಿಯೋ ಸೋಲುವ ಸಾಧ್ಯತೆ ಹೆಚ್ಚು. ಹತ್ತು ನಿಮಿಷದ ವಿಮರ್ಶೆ ಸೋಲುವುದು ಕಷ್ಟ.

ನೋಟಿಸ್ ಕಳಿಸುವ ಮುನ್ನ ಫೇರ್ ಯೂಸ್ ಬಗ್ಗೆ ಯೋಚಿಸಲೇಬೇಕು ಎಂದು ಅದೇ 9ನೇ ಸರ್ಕ್ಯೂಟ್ 2015ರಲ್ಲಿ ಹೇಳಿದೆ. ಪ್ರಿನ್ಸ್‌ನ ಹಾಡಿಗೆ ಕುಣಿಯುವ ಪುಟ್ಟ ಮಗುವಿನ 29 ಸೆಕೆಂಡಿನ ವಿಡಿಯೋ ತೆಗೆಸಿದ್ದಕ್ಕೆ ಬಂದ ಲೆನ್ಜ್ ಮೊಕದ್ದಮೆ ಅದು. ಆದರೆ ಕಳಿಸಿದವನು ಮನಸ್ಸಿನಲ್ಲಿ ಪ್ರಾಮಾಣಿಕವಾಗಿ ನಂಬಿದ್ದರೆ ಸಾಕು ಎಂದದ್ದರಿಂದ, ಸುಳ್ಳು ನೋಟಿಸ್‌ಗೆ ಪರಿಹಾರ ಕೊಡಿಸುವ 512(ಎಫ್) ಉಪಕಲಂ ಹಲ್ಲಿಲ್ಲದ ಹಾವಿನಂತಾಗಿದೆ. ಹೀಗಿದ್ದೂ, ಇವರ ನಡತೆ ಸರಿಯಿಲ್ಲ, ಅದಕ್ಕೇ ತೆಗೆಸುತ್ತಿದ್ದೇನೆ ಎಂದು ಟ್ವಿಟರ್‌ನಲ್ಲಿ ಬರೆದುಕೊಳ್ಳುವುದು ತಾನೇ ಎದುರಾಳಿಗೆ ಸಾಕ್ಷಿ ಒದಗಿಸಿದ ಹಾಗೆ. ನೋಟಿಸ್ ಕೊಡುವುದಾದರೆ ಕೊಡಿ, ಕಾರಣವನ್ನು ಬೀದಿಯಲ್ಲಿ ಸಾರಬೇಡಿ ಎಂದು ಯಾವ ವಕೀಲರಾದರೂ ಹೇಳಿಯಾರು. ವನಮನ್ ಆಮೇಲೆ, ಡಿಎಂಸಿಎ ಬಳಸಿದ್ದಕ್ಕೆ ವಿಷಾದವಿದೆ ಎಂದರು. ಅಷ್ಟರಲ್ಲಿ ಆಟಗಳನ್ನು ಮಾರುವ ತಾಣ ಸ್ಟೀಮ್‌ನಲ್ಲಿ ಫೈರ್‌ವಾಚ್‌ಗೆ ನೆಗೆಟಿವ್ ರಿವ್ಯೂಗಳ ಮಳೆಯಾಗಿತ್ತು.

ಇದಕ್ಕಿಂತ ಕೀಳಾದ ಬಳಕೆಗಳೂ ಇವೆ. 2013ರ ಅಕ್ಟೋಬರಿನಲ್ಲಿ ವೈಲ್ಡ್ ಗೇಮ್ಸ್ ಸ್ಟುಡಿಯೊ ತನ್ನ 'ಡೇ ಒನ್: ಗ್ಯಾರಿಸ್ ಇನ್ಸಿಡೆಂಟ್' ಆಟವನ್ನು ತರಾಟೆಗೆ ತೆಗೆದುಕೊಂಡ ಯೂಟ್ಯೂಬ್ ವಿಮರ್ಶಕ ಟೋಟಲ್‌ಬಿಸ್ಕಿಟ್ ಅವರ ವಿಡಿಯೋ ತೆಗೆಸಿತು. ವಿಡಿಯೋ ಮಾಡಲು ಆಟ ತೆರೆಯುವ ಕೋಡ್ ಕಳಿಸಿದ್ದು ಆ ಕಂಪನಿಯೇ! ಗದ್ದಲವಾದ ಮೇಲೆ ದೂರು ಹಿಂಪಡೆಯಿತು. ಕೋಡ್ ಕಳಿಸಿದ ಇಮೇಲ್ ಅನುಮತಿಯ ಸಾಕ್ಷಿ ಎಂಬುದನ್ನು ಡೆವಲಪರ್‌ಗಳು ಮರೆಯುತ್ತಾರೆ.

ಇನ್ನು ಸ್ಟ್ರೀಮರ್ ಕಡೆಯಿಂದ ನೋಡೋಣ. ಕನ್ನಡದಲ್ಲಿ ಆಟವಾಡಿ ಸ್ಟ್ರೀಮ್ ಮಾಡುವವರಿಗೂ ಅನ್ವಯಿಸುವುದು ಬಹುಪಾಲು ಇದೇ ಅಮೆರಿಕದ ವ್ಯವಸ್ಥೆ. ಮೊದಲು, ಬಂದದ್ದು ಕ್ಲೇಮೋ ಸ್ಟ್ರೈಕೋ ನೋಡಿ. ಯೂಟ್ಯೂಬ್‌ನ ಯಂತ್ರವೇ ಹೊಂದಿಕೆ ಹುಡುಕಿ ಹಾಕುವ ಕಂಟೆಂಟ್ ಐಡಿ ಕ್ಲೇಮ್ ಆದರೆ ಸಾಮಾನ್ಯವಾಗಿ ಆದಾಯ ಬೇರೆಯವರ ಪಾಲಾಗುತ್ತದೆ ಅಥವಾ ವಿಡಿಯೋ ಬ್ಲಾಕ್ ಆಗುತ್ತದೆ, ಚಾನೆಲ್‌ಗೆ ಧಕ್ಕೆಯಿಲ್ಲ. ತಕರಾರು ಹಾಕಿದರೆ ಎದುರಿನವರಿಗೆ ಉತ್ತರಿಸಲು 30 ದಿನ. ಎಷ್ಟೋ ಸಲ ಇದು ಆಟದೊಳಗಿನ ಹಾಡಿನದ್ದು, ಡೆವಲಪರ್‌ಗೆ ಸಂಬಂಧವೇ ಇರುವುದಿಲ್ಲ. ಆಟದ ಸೆಟ್ಟಿಂಗ್ಸ್‌ನಲ್ಲಿ ಅಂಥ ಹಾಡುಗಳನ್ನು ನಿಲ್ಲಿಸುವ ಸ್ಟ್ರೀಮರ್ ಮೋಡ್ ಇದ್ದರೆ ಹಾಕಿಕೊಂಡುಬಿಡಿ. ಸ್ಟ್ರೈಕ್ ಬೇರೆ ಜಾತಿ. ಒಂದು ಸ್ಟ್ರೈಕ್ 90 ದಿನ ಇರುತ್ತದೆ, ಯೂಟ್ಯೂಬ್‌ನ ಕಾಪಿರೈಟ್ ಸ್ಕೂಲ್ ಪಾಠ ಮುಗಿಸಿದರೆ ಆಮೇಲೆ ಇಳಿಯುತ್ತದೆ. ಆ ಅವಧಿಯಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಆದಾಯ ಹಂಚಿಕೊಳ್ಳುವ ಪಾರ್ಟ್ನರ್ ಪ್ರೋಗ್ರಾಂನಲ್ಲಿದ್ದವರಿಗೆ ಚಾನೆಲ್ ಹೋಗುವ ಮೊದಲು 7 ದಿನದ ಗಡುವು. ನಡೆಯುತ್ತಿರುವ ಲೈವ್ ಅನ್ನೇ ತೆಗೆಸಿದರೆ 7 ದಿನ ಲೈವ್ ಬಂದ್. ಗಾಬರಿಯಲ್ಲಿ ವಿಡಿಯೋ ಅಳಿಸಬೇಡಿ, ಅಳಿಸಿದರೆ ಸ್ಟ್ರೈಕ್ ಹೋಗುವುದಿಲ್ಲ.

ಎರಡನೆಯದು, ಕಳಿಸಿದವರು ಯಾರು? ಇಮೇಲ್ ವಿಳಾಸದ ಬಾಲ (@ ನಂತರದ ಭಾಗ) ನೋಡಿ. 2022ರಲ್ಲಿ ಯಾರೋ ಬಂಗೀ ಕಂಪನಿಯ ಏಜೆಂಟರ ಹೆಸರಿನಲ್ಲಿ ನಕಲಿ ಜಿಮೇಲ್ ಖಾತೆ ತೆರೆದು ಅದರ 'ಡೆಸ್ಟಿನಿ 2' ಆಟದ ವಿಡಿಯೋಗಳಿಗೆ ತೊಂಬತ್ತಕ್ಕೂ ಹೆಚ್ಚು ನೋಟಿಸ್ ಕಳಿಸಿದ್ದರು. ಕಂಪನಿಯೇ ಆತನ ಮೇಲೆ ಮೊಕದ್ದಮೆ ಹೂಡಿತು.

ಮೂರನೆಯದು, ಸ್ಟ್ರೀಮ್ ಮಾಡುವ ಪ್ರತಿ ಆಟಕ್ಕೂ ಒಂದು ಫೋಲ್ಡರ್ ಇರಲಿ. ಅದರಲ್ಲಿ ಕಂಪನಿಯ ವಿಡಿಯೋ ನೀತಿಯ ಪುಟದ ಪಿಡಿಎಫ್ ದಿನಾಂಕ ಸಮೇತ, ಖರೀದಿಯ ರಸೀದಿ ಅಥವಾ ಕೋಡ್ ಬಂದ ಇಮೇಲ್, ಎಡಿಟ್ ಮಾಡದ ಮೂಲ ರೆಕಾರ್ಡಿಂಗ್. ಜಗಳ ಶುರುವಾದ ದಿನ ಆ ನೀತಿ ಪುಟ ಮಾಯವಾಗಿರುತ್ತದೆ.

ಮೊದಲು ಡೆವಲಪರ್‌ಗೇ ಬರೆದು ದೂರು ಹಿಂಪಡೆಯಲು ಕೇಳಿ. ಸಣ್ಣ ಕಂಪನಿಗಳಲ್ಲಿ ಇದು ನಡೆಯುತ್ತದೆ. ಆಗದಿದ್ದರೆ ಕೌಂಟರ್ ನೋಟಿಸ್, ಅಂದರೆ ವೇದಿಕೆಗೆ ನೀವು ಕೊಡುವ ಎದುರು ನೋಟಿಸ್. 'ತಪ್ಪಾಗಿ ಅಥವಾ ತಪ್ಪು ಗುರುತಿಸಿ ತೆಗೆಯಲಾಗಿದೆ' ಎಂಬ ಪ್ರಮಾಣ ಅದರ ತಿರುಳು. ಅದು ಮುಟ್ಟಿದ ಮೇಲೆ 10ರಿಂದ 14 ಕೆಲಸದ ದಿನಗಳೊಳಗೆ ಎದುರಿನವರು ಕೋರ್ಟಿಗೆ ಹೋಗದಿದ್ದರೆ ವಿಡಿಯೋ ಮರಳಿ ಬರಬೇಕು. ಅಮೆರಿಕದ ಡೆವಲಪರ್ ತನ್ನ ಆಟವನ್ನು ಅಲ್ಲಿನ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿರದಿದ್ದರೆ ಮೊಕದ್ದಮೆ ಹೂಡಲಾರ. ನೋಂದಣಿ ಮುಗಿದಿರಲೇಬೇಕು ಎಂದು 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಎಷ್ಟೋ ಸಣ್ಣ ಡೆವಲಪರ್‌ಗಳು ಇಲ್ಲೇ ಸಿಕ್ಕಿಬೀಳುತ್ತಾರೆ. ಆದರೆ ಇದಕ್ಕೊಂದು ಬೆಲೆಯಿದೆ: ಕೌಂಟರ್ ನೋಟಿಸ್‌ನಲ್ಲಿ ನಿಮ್ಮ ನಿಜ ಹೆಸರು, ವಿಳಾಸ, ಫೋನ್ ನಂಬರ್ ಬರೆಯಬೇಕು, ಅದು ಹಾಗೇ ಎದುರಾಳಿಯ ಕೈಗೆ ಹೋಗುತ್ತದೆ. ಜತೆಗೆ, ಹುಬ್ಬಳ್ಳಿಯಲ್ಲಿ ಕೂತಿದ್ದರೂ ಅಮೆರಿಕದ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಒಪ್ಪಿ ಸಹಿ ಹಾಕಬೇಕು. ಮುಖ ತೋರಿಸದೆ ಸ್ಟ್ರೀಮ್ ಮಾಡುವವರು, ಬೆದರಿಕೆ ಎದುರಿಸುತ್ತಿರುವವರು ವಕೀಲರ ವಿಳಾಸದ ಮೂಲಕ ಕಳಿಸುವುದು ವಾಸಿ.

ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ದಾರಿ ಸ್ವಲ್ಪ ಬೇರೆ. ದೂರು ಬಂದ 36 ಗಂಟೆಯೊಳಗೆ ವೇದಿಕೆ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ 2013ರ ನಿಯಮಗಳ 75ನೇ ನಿಯಮ. ಹಾಗೆ ಇಳಿಸಿದ್ದು 21 ದಿನದ ಮಟ್ಟಿಗೆ. ಅಷ್ಟರೊಳಗೆ ದೂರುದಾರ ಕೋರ್ಟ್ ಆದೇಶ ತರದಿದ್ದರೆ ವೇದಿಕೆ ಮತ್ತೆ ತೆರೆಯಬಹುದು. ಕೌಂಟರ್ ನೋಟಿಸ್ ಎಂಬುದು ಇಲ್ಲಿಲ್ಲ. ವಿಮರ್ಶೆ, ಟೀಕೆಗೆ 52ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ, ಆಧಾರವಿಲ್ಲದೆ ಮೊಕದ್ದಮೆಯ ಬೆದರಿಕೆ ಹಾಕಿದವರ ಮೇಲೆ 60ನೇ ಸೆಕ್ಷನ್ ಅಡಿ ನೀವೇ ಕೋರ್ಟಿಗೆ ಹೋಗಬಹುದು. ಕ್ಯಾಲೆಂಡರಿನಲ್ಲಿ ವಿಡಿಯೋ ಇಳಿದ ದಿನಕ್ಕೆ ಗುರುತು ಹಾಕಿ. 22ನೇ ದಿನ ಬೆಳಿಗ್ಗೆ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿ, ಲಿಂಕ್, ದಿನಾಂಕ, ಕೋರ್ಟ್ ಆದೇಶ ಬಂದಿದೆಯೇ ಎಂಬ ಒಂದೇ ಪ್ರಶ್ನೆ, ಅಷ್ಟು ಸಾಕು.