ಫಿನ್‌ಲ್ಯಾಂಡ್ ಏನು ಕೊಟ್ಟಿತು, ಏನು ಉಳಿಸಿಕೊಂಡಿತು

2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಕಬಳಿಸುತ್ತಿದ್ದಾಗ ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕಿಸಿಂಜರ್ ಉಕ್ರೇನ್‌ಗೆ ಒಂದು ಮಾದರಿ ತೋರಿಸಿದರು. ಅದು ಫಿನ್‌ಲ್ಯಾಂಡ್. ಪಶ್ಚಿಮದ ಜೊತೆ ಒಡನಾಟ ಇರಲಿ, ರಷ್ಯಾ ಜೊತೆ ಹಗೆ ಬೇಡ, ಪಶ್ಚಿಮದ ಸೇನಾ ಕೂಟವಾದ ನ್ಯಾಟೋ ಸಹವಾಸ ಬೇಡ ಎಂಬುದು ಅವರ ಸಲಹೆಯ ಸಾರ. 2022ರ ಯುದ್ಧಕ್ಕೆ ಮುಂಚೆಯೂ ಇದೇ ಮಾತು ಮತ್ತೆ ಕೇಳಿಬಂತು. ಅದೇ ವರ್ಷ ಮೇ ತಿಂಗಳಲ್ಲಿ ಫಿನ್‌ಲ್ಯಾಂಡ್ ತಾನೇ ನ್ಯಾಟೋಗೆ ಅರ್ಜಿ ಹಾಕಿತು.

ಹಾಗಾದರೆ ಆ ಮಾದರಿ ಅಂದರೆ ಏನು? ಅದು ಹುಟ್ಟಿದ ರೀತಿ ನೋಡಿದರೆ, ಸುಲಭವಾಗಿ ಇನ್ನೊಬ್ಬರಿಗೆ ಶಿಫಾರಸು ಮಾಡುವಂಥದ್ದಲ್ಲ ಅನ್ನಿಸುತ್ತದೆ.

ಫಿನ್‌ಲ್ಯಾಂಡ್ ಒಂದು ಶತಮಾನಕ್ಕೂ ಜಾಸ್ತಿ ಕಾಲ ರಷ್ಯಾದ ತ್ಸಾರ್‌ಗಳ ಕೈಕೆಳಗಿತ್ತು. 1917ರ ಡಿಸೆಂಬರ್ 6ರಂದು ಸ್ವತಂತ್ರವಾಯಿತು. 1939ರ ಶರತ್ಕಾಲದಲ್ಲಿ ಸೋವಿಯತ್ ನಾಯಕ ಸ್ಟಾಲಿನ್ ಮಾತುಕತೆಗೆ ಕರೆದರು. ಗಡಿ ಲೆನಿನ್‌ಗ್ರಾಡ್‌ಗೆ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಬರೀ 32 ಕಿಲೋಮೀಟರ್ ದೂರದಲ್ಲಿದೆ, ಹಿಂದೆ ಸರಿಸಿ, ನೌಕಾನೆಲೆಗೆ ಜಾಗ ಕೊಡಿ, ಬದಲಿಗೆ ಬೇರೆ ಕಡೆ ಎರಡು ಪಟ್ಟು ನೆಲ ತಗೊಳ್ಳಿ ಎಂದರು. ಫಿನ್‌ಲ್ಯಾಂಡ್ ಒಪ್ಪಲಿಲ್ಲ. ಮಾಸ್ಕೋಗೆ ಹೋಗಿದ್ದ ಸಂಧಾನಕಾರ ಪಾಸಿಕಿವಿ ಮಾತ್ರ ಒಂದಿಷ್ಟು ಬಿಟ್ಟುಕೊಡೋಣ ಅಂತಲೇ ಹೇಳುತ್ತಿದ್ದರು.

ನವೆಂಬರ್ 30ರಂದು ಸೋವಿಯತ್ ಸೇನೆ ನುಗ್ಗಿತು. ಯುದ್ಧ 105 ದಿನ ನಡೆಯಿತು. ಇಂದಿನ ವಿಶ್ವಸಂಸ್ಥೆಗೂ ಮುಂಚೆ ಇದ್ದ ಲೀಗ್ ಆಫ್ ನೇಷನ್ಸ್ ಸೋವಿಯತ್ ಒಕ್ಕೂಟವನ್ನು ಹೊರಹಾಕಿತು. ಪಶ್ಚಿಮದ ಪತ್ರಿಕೆಗಳು ಫಿನ್ನರ ಧೈರ್ಯವನ್ನು ಹಾಡಿ ಹೊಗಳಿದವು. ಆದರೆ ನೆರವಿಗೆ ಯಾವ ದೇಶದ ಸೇನೆಯೂ ಬರಲಿಲ್ಲ. 1940ರ ಮಾರ್ಚ್‌ನಲ್ಲಿ ನೆಲದ ಹತ್ತನೇ ಒಂದು ಭಾಗದಷ್ಟನ್ನು ಬಿಟ್ಟುಕೊಟ್ಟು ಶಾಂತಿ ಮಾಡಿಕೊಳ್ಳಬೇಕಾಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. ಹಾಗಂತ ಯುದ್ಧ ವ್ಯರ್ಥವಾಯಿತು ಅನ್ನುವಂತಿಲ್ಲ. ಅದೇ ಹೊತ್ತಿನಲ್ಲಿ ಸೋವಿಯತ್ ನೆಲೆಗಳಿಗೆ ಒಪ್ಪಿಕೊಂಡ ಎಸ್ಟೋನಿಯಾ, ಲ್ಯಾಟ್ವಿಯಾ, ಲಿಥುವೇನಿಯಾ ಮುಂದಿನ ಬೇಸಿಗೆಯಲ್ಲಿ ನಕ್ಷೆಯಿಂದಲೇ ಅಳಿಸಿಹೋದವು.

1941ರಲ್ಲಿ ಕಳೆದುಕೊಂಡದ್ದನ್ನು ವಾಪಸ್ ಪಡೆಯಲು ಫಿನ್‌ಲ್ಯಾಂಡ್ ಹಿಟ್ಲರನ ಜರ್ಮನಿ ಜೊತೆ ನಿಂತು ಮತ್ತೆ ಯುದ್ಧಕ್ಕಿಳಿಯಿತು. ಅದು ಈ ಚರಿತ್ರೆಯ ಕಪ್ಪು ಪುಟ, ಮುಚ್ಚಿಡುವ ಅಗತ್ಯ ಇಲ್ಲ. 1944ರಲ್ಲಿ ಸೋತಿತು. ಷರತ್ತುಗಳು ಕಠಿಣವಾಗಿದ್ದವು. ಹೆಲ್ಸಿಂಕಿ ಪಕ್ಕದ ಪೊರ್ಕ್ಕಲಾವನ್ನು ನೌಕಾನೆಲೆಗಾಗಿ 50 ವರ್ಷಕ್ಕೆ ಗುತ್ತಿಗೆ ಕೊಡಬೇಕಾಯಿತು. ಜೊತೆಗೆ 30 ಕೋಟಿ ಡಾಲರ್ ಯುದ್ಧ ಪರಿಹಾರ.

ಈ ಪರಿಹಾರದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಣ ಕೊಡುವಂತಿರಲಿಲ್ಲ, ಸಾಮಾನನ್ನೇ ಕೊಡಬೇಕಿತ್ತು: ಹಡಗು, ಯಂತ್ರ, ಕೇಬಲ್, ಮರ, ಕಾಗದ. ಬೆಲೆ ಕಟ್ಟಿದ್ದು 1938ರ ದರಕ್ಕೆ ಅಲ್ಪಸ್ವಲ್ಪ ಸೇರಿಸಿ. ಆದ್ದರಿಂದ ನಿಜವಾದ ಹೊರೆ ಕಾಗದದ ಮೇಲಿನ ಅಂಕಿಗಿಂತ ಎಷ್ಟೋ ಜಾಸ್ತಿ ಇತ್ತು. ತಡವಾದರೆ ತಿಂಗಳಿಗೆ ಶೇ. 5 ದಂಡ. ಕೇಳಿದ ಹಡಗು, ಯಂತ್ರಗಳಲ್ಲಿ ಎಷ್ಟೋ ಬಗೆಯವನ್ನು ಅಷ್ಟು ಪ್ರಮಾಣದಲ್ಲಿ ತಯಾರಿಸುವ ಕಾರ್ಖಾನೆಗಳೇ ದೇಶದಲ್ಲಿರಲಿಲ್ಲ. ಕಟ್ಟಿಕೊಂಡರು. ಮಧ್ಯದಲ್ಲಿ ಸ್ವಲ್ಪ ರಿಯಾಯಿತಿಯೂ ಸಿಕ್ಕಿತು. 1952ರಲ್ಲಿ ಕೊನೆಯ ಕಂತು ಹೋಯಿತು. ಅದೇ ವರ್ಷ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆಯಿತು.

ಅಷ್ಟರಲ್ಲಿ ಪಾಸಿಕಿವಿ ಅಧ್ಯಕ್ಷರಾಗಿದ್ದರು. ಮಾಸ್ಕೋ ಮುನಿಸಿಕೊಳ್ಳುತ್ತದೆ ಅಂತ 1947ರಲ್ಲಿ ಯುದ್ಧದಲ್ಲಿ ನಲುಗಿದ ಯುರೋಪಿಗೆ ಅಮೆರಿಕ ನೆರವು ಕೊಡುತ್ತಿದ್ದ ಮಾರ್ಷಲ್ ಯೋಜನೆಯ ಹಣವನ್ನೂ ಬೇಡ ಎಂದರು. 1948ರ ಫೆಬ್ರವರಿಯಲ್ಲಿ ಸ್ಟಾಲಿನ್ ಪತ್ರ ಬಂತು. ಹಂಗೇರಿ, ರೊಮೇನಿಯಾ ಮಾಡಿಕೊಂಡಂಥ ಸೇನಾ ನೆರವಿನ ಒಪ್ಪಂದ ನಾವೂ ಮಾಡಿಕೊಳ್ಳೋಣ ಎಂಬುದು ಅದರ ಸಾರಾಂಶ. ಅದೇ ತಿಂಗಳು ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಿದ್ದರು. ಇಲ್ಲ ಅನ್ನುವಂತಿಲ್ಲ, ಹೂಂ ಅಂದರೆ ಮುಗಿಯಿತು. ಫಿನ್ನರು ತಮ್ಮದೇ ಕರಡು ಮುಂದಿಟ್ಟರು. ಏಪ್ರಿಲ್ 6ರಂದು ಸಹಿಯಾದ ಒಪ್ಪಂದ ಹೀಗಿತ್ತು: ಜರ್ಮನಿಯೋ ಅದರ ಮಿತ್ರರೋ ಫಿನ್‌ಲ್ಯಾಂಡ್ ಮೇಲೆ, ಅಥವಾ ಫಿನ್‌ಲ್ಯಾಂಡ್ ಮೂಲಕ ಸೋವಿಯತ್ ಮೇಲೆ ದಾಳಿ ಮಾಡಿದರೆ ಫಿನ್ನರು ತಮ್ಮ ನೆಲದಲ್ಲಿ ಹೋರಾಡುತ್ತಾರೆ. ಬೇಕಾದರೆ ಸೋವಿಯತ್ ನೆರವು, ಅದೂ ಇಬ್ಬರೂ ಮಾತಾಡಿ ಒಪ್ಪಿದ ಮೇಲೆ. ಬೇರೆ ಕಡೆ ಹೋಗಿ ಸೋವಿಯತ್ ಪರ ಕಾದಾಡುವ ಬಾಧ್ಯತೆ ಇಲ್ಲ. ದೊಡ್ಡ ಶಕ್ತಿಗಳ ಜಗಳದಿಂದ ದೂರ ಇರಬೇಕೆಂಬ ಫಿನ್‌ಲ್ಯಾಂಡ್ ಬಯಕೆಯೂ ಪೀಠಿಕೆಯಲ್ಲಿ ಸೇರಿತು. ಮುಂದಿನ 40 ವರ್ಷದ ತಟಸ್ಥ ನೀತಿ ನಿಂತಿದ್ದು ಆ ಒಂದು ಸಾಲಿನ ಮೇಲೆ. 1956ರಲ್ಲಿ ಪೊರ್ಕ್ಕಲಾ ಕೂಡ ಅವಧಿಗೆ ಮುಂಚೆಯೇ ವಾಪಸ್ ಬಂತು.

ಇದಕ್ಕೆ ತೆತ್ತ ಬೆಲೆ ದೇಶದೊಳಗಿನ ರಾಜಕೀಯದಲ್ಲಿ ಕಾಣುತ್ತದೆ. 1958ರಲ್ಲಿ ಮಾಸ್ಕೋಗೆ ಹಿಡಿಸದ ಸರ್ಕಾರವೊಂದು ಬಂತು. ಸೋವಿಯತ್ ರಾಯಭಾರಿ ಊರು ಬಿಟ್ಟರು, ವ್ಯಾಪಾರದ ಮಾತುಕತೆ ನಿಂತಿತು, ಸರ್ಕಾರ ರಾಜೀನಾಮೆ ಕೊಟ್ಟಿತು. 1961ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಉರ್ಹೋ ಕೆಕ್ಕೊನೆನ್ ಅಮೆರಿಕ ಪ್ರವಾಸದ ಕೊನೆಗೆ ಹವಾಯಿಯಲ್ಲಿದ್ದಾಗ, 1948ರ ಒಪ್ಪಂದದಂತೆ ಸೇನಾ ಸಮಾಲೋಚನೆಗೆ ಬನ್ನಿ ಎಂದು ಸೋವಿಯತ್ ಪತ್ರ ಬಂತು. ಕೆಕ್ಕೊನೆನ್ ಸೈಬೀರಿಯಾದ ನೊವೊಸಿಬಿರ್ಸ್ಕ್‌ಗೆ ಹೋಗಿ ಸೋವಿಯತ್ ನಾಯಕ ಕ್ರುಶ್ಚೇವ್ ಜೊತೆ ಮಾತಾಡಿ ವಿಷಯ ತಣ್ಣಗಾಗಿಸಿದರು. ಅಷ್ಟೊತ್ತಿಗೆ ಚುನಾವಣೆಯಲ್ಲಿ ಅವರ ಎದುರಾಳಿಯಾಗಿದ್ದ ಹೊಂಕಾ ಕಣದಿಂದ ಹಿಂದೆ ಸರಿದಿದ್ದರು. 1973ರಲ್ಲಿ ವಿಶೇಷ ಕಾನೂನು ತಂದು ಚುನಾವಣೆಯೇ ಇಲ್ಲದೆ ಅವರ ಅವಧಿಯನ್ನು ನಾಲ್ಕು ವರ್ಷ ಹಿಗ್ಗಿಸಲಾಯಿತು. ಅವರು ಕಾಲು ಶತಮಾನ ಅಧಿಕಾರದಲ್ಲಿದ್ದರು. ಪತ್ರಿಕೆಗಳು, ಪ್ರಕಾಶಕರು ಸೋವಿಯತ್ ಬಗ್ಗೆ ಏನು ಬರೆಯಬೇಕು, ಏನು ಬಿಡಬೇಕು ಅಂತ ತಾವೇ ಕತ್ತರಿ ಆಡಿಸಿಕೊಂಡರು. ಯಾರೂ ಗದರದಿದ್ದರೂ ಬಾಯಿ ಕಟ್ಟಿಕೊಳ್ಳುವ ಈ ಅಭ್ಯಾಸ ನನ್ನ ಪ್ರಕಾರ ಕಳೆದುಕೊಂಡ ನೆಲಕ್ಕಿಂತ ಕಡಿಮೆ ನಷ್ಟವೇನಲ್ಲ.

ಉಳಿಸಿಕೊಂಡದ್ದೂ ದೊಡ್ಡದೇ. ಬಹುಪಕ್ಷಗಳ ಚುನಾವಣೆ, ಖಾಸಗಿ ಆಸ್ತಿ, ಸ್ವಂತ ನ್ಯಾಯಾಲಯ. ಪಶ್ಚಿಮದ ಮಾರುಕಟ್ಟೆಯ ಬಾಗಿಲನ್ನು ಒಂದೊಂದೇ ಹೆಜ್ಜೆ ಇಟ್ಟು ತೆರೆದುಕೊಂಡರು. 1961ರಲ್ಲಿ ಯುರೋಪಿನ ಮುಕ್ತ ವ್ಯಾಪಾರ ಸಂಘದ ಜೊತೆ, 1973ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯದ ಜೊತೆ ಒಪ್ಪಂದವಾಯಿತು. 1975ರಲ್ಲಿ ಎರಡೂ ಬಣದವರು ಸೇರಿ 35 ದೇಶಗಳ ನಾಯಕರು ಹೆಲ್ಸಿಂಕಿಯಲ್ಲಿ ಕೂತು ಯುರೋಪಿನ ಭದ್ರತೆ, ಸಹಕಾರದ ಒಡಂಬಡಿಕೆಗೆ ಸಹಿ ಹಾಕಿದರು. ಎಲ್ಲಕ್ಕಿಂತ ಮುಖ್ಯವಾದದ್ದು ಸೇನೆ. ಗಂಡುಮಕ್ಕಳಿಗೆ ಕಡ್ಡಾಯ ಸೇನಾ ತರಬೇತಿಯನ್ನು ಅವರು ಶೀತಲ ಸಮರ ಮುಗಿದ ಮೇಲೂ ಬಿಡಲಿಲ್ಲ.

ಸೋವಿಯತ್ ಕುಸಿಯುತ್ತಿದ್ದಂತೆ ಎಲ್ಲ ಬೇಗ ಬೇಗ ನಡೆಯಿತು. 1992ರಲ್ಲಿ ಹಳೆಯ ಒಪ್ಪಂದ ಹೋಗಿ ಹೊಸದು ಬಂತು, 64 ಅಮೆರಿಕನ್ ಹಾರ್ನೆಟ್ ಯುದ್ಧ ವಿಮಾನಗಳಿಗೆ ಆರ್ಡರ್ ಹೋಯಿತು. 1995ರಲ್ಲಿ ಯುರೋಪಿಯನ್ ಒಕ್ಕೂಟಕ್ಕೆ ಸೇರಿದರು. ನ್ಯಾಟೋ ಮಾತ್ರ ಬೇಡ ಎಂದರು, ಆದರೆ ಬೇಕಾದರೆ ಸೇರುವ ಹಕ್ಕು ನಮಗಿದೆ ಅಂತ ಹೇಳುತ್ತಲೇ ಬಂದರು.

2021ರ ಡಿಸೆಂಬರ್‌ನಲ್ಲಿ ರಷ್ಯಾ ಕೈ ಹಾಕಿದ್ದು ಈ ಹಕ್ಕಿಗೇ. ನ್ಯಾಟೋ ಇನ್ನು ಯಾರನ್ನೂ ಸೇರಿಸಿಕೊಳ್ಳಬಾರದು ಅಂತ ಬರಹದಲ್ಲಿ ಭರವಸೆ ಕೇಳಿತು. ಎರಡು ತಿಂಗಳಲ್ಲಿ ಉಕ್ರೇನ್ ಮೇಲೆ ಬಿತ್ತು. ವರ್ಷಗಳಿಂದ ಹೆಚ್ಚಿನ ಫಿನ್ನರು ಬೇಡ ಅನ್ನುತ್ತಿದ್ದ ನ್ಯಾಟೋಗೆ ಕೆಲವೇ ವಾರಗಳಲ್ಲಿ ಬಹುಮತದ ಬೆಂಬಲ ಸಿಕ್ಕಿತು. ಸಂಸತ್ತಿನಲ್ಲಿ ಪರವಾಗಿ 188 ಮತ, ವಿರುದ್ಧ 8. 2023ರ ಏಪ್ರಿಲ್ 4ರಂದು ಫಿನ್‌ಲ್ಯಾಂಡ್ 31ನೇ ಸದಸ್ಯ ದೇಶವಾಯಿತು. ರಷ್ಯಾ ಜೊತೆಗಿನ ಅದರ ಸುಮಾರು 1,340 ಕಿಲೋಮೀಟರ್ ಗಡಿ ಈಗ ನ್ಯಾಟೋದ ಗಡಿಯೂ ಹೌದು.

ಫಿನ್‌ಲ್ಯಾಂಡ್ ಮಾದರಿ ಅಂತ ಸಲಹೆ ಕೊಡುವವರು 1948ರಿಂದ ಕಥೆ ಶುರು ಮಾಡುತ್ತಾರೆ, 1939 ಅನ್ನು ಬಿಟ್ಟುಬಿಡುತ್ತಾರೆ. ಫಿನ್‌ಲ್ಯಾಂಡನ್ನು ನುಂಗುವುದು ಸುಲಭವಲ್ಲ ಅಂತ ಸ್ಟಾಲಿನ್‌ಗೆ ಯುದ್ಧದಲ್ಲಿ ಗೊತ್ತಾಗಿತ್ತು. ಒಪ್ಪಂದದಲ್ಲಿ ಸಡಿಲ ಸಿಕ್ಕಿದ್ದಕ್ಕೆ ಅದೂ ಒಂದು ಕಾರಣ. ಉಕ್ರೇನ್‌ಗೆ ತಟಸ್ಥವಾಗಿರಿ ಅನ್ನುವಾಗಲೇ ಸೇನೆಯನ್ನೂ ಕಡಿಮೆ ಮಾಡಿ ಅನ್ನುವವರಿದ್ದಾರೆ. ಫಿನ್ನರು ಸೇನೆ ಇಳಿಸಿ ತಟಸ್ಥರಾಗಿದ್ದವರಲ್ಲ. ಈಗ ನ್ಯಾಟೋ ಒಳಗೆ ಹೋದ ಮೇಲೂ ಅವರು ಸುಮ್ನೆ ಕೂತಿಲ್ಲ. ನೆಲಬಾಂಬ್ ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದದಿಂದ ಹೊರಬರಲು 2025ರ ಜೂನ್‌ನಲ್ಲಿ ಅವರ ಸಂಸತ್ತು ಒಪ್ಪಿಗೆ ಕೊಟ್ಟಿತು.